ತುಂಡುಗಂಬಳಿ ಗುಡ್ಡ

ಕೆಂಪುಮರಡಿ ಊರಿನ ಉತ್ತರಕ್ಕೆ ಎರಡು ಮೈಲಿ ದೂರದಲ್ಲಿ ಮರವಿಲ್ಲದ ಒಂದು ಗುಡ್ಡವಿದೆ. ನೆತ್ತಿಯ ಮೇಲೆ ಬೀರಪ್ಪನ ಗುಡಿ. ದೇವರ ಕಲ್ಲಿಗೆ ಹೊದಿಸಿದ ಕರಿಕಂಬಳಿ ಇಡಿಯಾದುದಲ್ಲ. ಚೌಕ ತುಂಡುಗಳನ್ನು ಹೊಲಿದು ಕೂಡಿಸಿದ್ದು. ಎಣಿಸಿದರೆ ಹನ್ನೊಂದು. ಎಡ ಹೆಗಲ ಬಳಿ ಒಂದು ತುಂಡಿನಷ್ಟು ಜಾಗ ಖಾಲಿ. ಹೊಸ ಕಂಬಳಿಯನ್ನೂ ಹೀಗೆಯೇ ಕತ್ತರಿಸಿ, ಹೊಲಿದು, ಆ ಜಾಗ ಬಿಟ್ಟು ಹೊದಿಸುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಮಾಳಪ್ಪನೆಂಬ ಕುರಿಗಾರ ಪೂಜಾರಿಯಾಗಿದ್ದ ಎನ್ನುತ್ತಾರೆ. ಮರಿಗಳ ಮೊದಲ ಉಣ್ಣೆಯಿಂದ ದೇವರ ಕಂಬಳಿ ನೇಯುವುದು ಇಲ್ಲಿನ ಕುರಿಗಾರರ ಪದ್ಧತಿ. ಆ ಉಣ್ಣೆಯನ್ನು ಚೈತ್ರದ ಹುಣ್ಣಿಮೆ ಕಳೆಯದೆ ಕತ್ತರಿಸುವಂತಿಲ್ಲ. ಆ ವರ್ಷ ಬಿಸಿಲು ಬೇಗ ಏರಿತು. ಅತ್ತಿಗೆ ಹಾಲವ್ವ ಬೇಡವೆಂದರೂ ಮಾಳಪ್ಪ ಹೋಳಿಹುಣ್ಣಿಮೆಗೇ ಹನ್ನೆರಡು ಮರಿಗಳ ಉಣ್ಣೆ ತೆಗೆದ. ಉಗಾದಿಗೆ ದೇವರಿಗೆ ಹೊಸ ಕಂಬಳಿ ಬಂತು. ಮರುದಿನ ಮಧ್ಯಾಹ್ನ ಗಾಳಿ ತಣ್ಣಗಾಗಿ ಆಲಿಕಲ್ಲು ಸುರಿಯತೊಡಗಿತು. ಸಂಜೆಯವರೆಗೂ ಬಿದ್ದು ನೆಲದ ಮೇಲೆ ಗೇಣುದ್ದ ಬೆಳ್ಳಗೆ ಕೂತಿತಂತೆ. ಮೂರು ಊರುಗಳ ಮೇಲೆ ಪಟ್ಟಿ ಎಳೆದಂತೆ ಬಿತ್ತು. ನಾಲ್ಕನೆಯ ಊರಿನಲ್ಲಿ ಧೂಳು ಕೂಡ ಅಡಗಲಿಲ್ಲ. ಕುರಿಗಳು ಗುಡಿಯೊಳಗೆ ನುಗ್ಗಿದವು. ದೊಡ್ಡವು ತಾಳಿದವು. ಬೋಳು ಮರಿಗಳು ನಡುಗಿ ಒಂದೊಂದಾಗಿ ಕುಸಿದವು. ಬೆಂಕಿ ಹಾಕಲು ಒಣಗಿದ ಪುಳ್ಳೆಯಿರಲಿಲ್ಲ. ಹಾಲವ್ವ ದೇವರ ಮೈಮೇಲಿನ ಕಂಬಳಿ ಎಳೆದು ಉಣ್ಣೆಗತ್ತರಿ ಹಿಡಿದಳು.

“ಅತ್ತಿಗಿ, ಅದು ದೇವರ್ದು!”

“ಮೊದಲ ಯಾರ ಮೈಮ್ಯಾಲಿತ್ತು?”

ಮಾಳಪ್ಪ ತಲೆ ತಗ್ಗಿಸಿದ. “ಮರಿಗಳ ಮ್ಯಾಲ.”

“ಹಂಗಾದ್ರ ಒಂದು ತುದಿ ಹಿಡಿ. ಕತ್ತರಿಸಾಕ ನಿನಗ ಭಾಳ ಅವಸರ ಇತ್ತಲ್ಲ!”

“ದೇವರಿಗೆ ಥಂಡಿ ಹತ್ತಿದ್ರ?”

“ಹತ್ತಿದ್ರ ಕರೀತಾನ. ಬಾಯಿಲ್ಲದ್ದು ಇವಕ್ಕ.”

ಹನ್ನೆರಡು ತುಂಡುಗಳನ್ನು ಹನ್ನೆರಡು ಮರಿಗಳಿಗೆ ಸುತ್ತಿದರು. ಬೆಳಗಾದಾಗ ಹನ್ನೊಂದು ಎದ್ದು ನಿಂತಿದ್ದವು. ಉಳಿದೊಂದನ್ನು ಮಾಳಪ್ಪ ಅದರ ತುಂಡಿನಲ್ಲೇ ಸುತ್ತಿ ಗುಡಿಯ ಎಡಕ್ಕೆ ಮಣ್ಣು ಮಾಡಿದ. ಹನ್ನೊಂದು ತುಂಡುಗಳನ್ನು ತೊಳೆದು, ಹೊಲಿದು, ದೇವರಿಗೆ ಮರಳಿ ಹೊದಿಸಿದ. ಖಾಲಿ ಜಾಗಕ್ಕೆ ಬೇರೆ ತುಂಡು ಹಾಕಬಹುದಿತ್ತು. ಹಾಲವ್ವನೇ ಹೇಳಿದರೂ ಅವನು ಒಪ್ಪಲಿಲ್ಲ.

ಅಂದಿನಿಂದ ಇದು ತುಂಡುಗಂಬಳಿ ಗುಡ್ಡ. ಕಂಬಳಿಯಿಲ್ಲದ ಆ ಎಡ ಹೆಗಲಲ್ಲಿ ಕಲ್ಲು ಸವೆದು ಹೊಳೆಯುವುದನ್ನು ಈಗಲೂ ಕಾಣಬಹುದು. ಹುಣ್ಣಿಮೆ ಕಳೆದಿದ್ದರೂ ಕುರಿಗಾರರು ನೇರವಾಗಿ ಕತ್ತರಿ ಹಿಡಿಯುವುದಿಲ್ಲ. ನಸುಕಿನಲ್ಲಿ ಬಂದು ಅಲ್ಲಿ ಅಂಗೈಯಿಟ್ಟು, ಕಲ್ಲು ಇನ್ನೂ ತಣ್ಣಗಿದೆಯೇ ಎಂದು ನೋಡುತ್ತಾರೆ. ತಣ್ಣಗಿದ್ದರೆ, ದೇವರು ಕರೆದನೆಂದು ಉಣ್ಣೆ ಕತ್ತರಿಸದೆ ಹಿಂದಿರುಗುತ್ತಾರೆ.