ಸುಡುಗಾಡಿನ ಡಂಗುರ

ಪಂಚಾಯ್ತಿ ಅಧ್ಯಕ್ಷ ರುದ್ರಗೌಡ್ರ ಕಾಲದಲ್ಲಿ ಗ್ರಾಮಸಭೆಯ ಡಂಗುರವನ್ನು ಸುಡುಗಾಡಿನ ಹತ್ತಿರ ಸಾರಿಸುತ್ತಿದ್ದರು. ಸತ್ತವರು ಬಂದು ಪ್ರಶ್ನೆ ಕೇಳುವುದಿಲ್ಲವಲ್ಲ!

ಒಮ್ಮೆ ಗ್ರಾಮಸಭೆಗಳಿಗೆ ನೆರವು ಕೊಡುವ ಹೊರದೇಶದವರು ಸಭೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಗೌಡ್ರು ಡಂಗುರದ ಹಲಗೆ ಬಾರಿಸುವವನನ್ನು ಕರೆಸಿ ಗದರಿದರು.

"ಈ ಸಲ ಊರೊಳಗ ಸಾರು. ಎಲ್ಲಾರೂ ಬರಬೇಕು. ಆದ್ರ ಕುಡಿಯೋ ನೀರಿನ ಮೋಟಾರು ಯಾರ ತೋಟದಾಗೈತಿ ಅಂತ ಒಬ್ಬರೂ ಕೇಳಬಾರ್ದು!"

"ಆತ್ರಿ ಯಪ್ಪಾ," ಎಂದ ಅವನು. ಓಣಿ ಓಣಿಯಲ್ಲಿ ನಿಂತು ಹಲಗೆ ಬಾರಿಸಿದ. "ಎಲ್ಲಾರೂ ಸಭೆಗೆ ಬರ್ರಿ! ಊರ ಮೋಟಾರು ಯಾರ ತೋಟದಾಗೈತಿ ಅಂತ ಒಬ್ಬರೂ ಕೇಳಬಾರ್ದು! ಗೌಡ್ರ ಅಪ್ಪಣೆ ಆಗೇತಿ!"

ಊರಿಗೆ ಊರೇ ಬಂತು. ಎಲ್ಲರ ಬಾಯಲ್ಲೂ ಅದೊಂದೇ ಪ್ರಶ್ನೆ. ಗೌಡ್ರು ಕೆಮ್ಮಿದರು, ಬೆವರಿದರು, "ಮುಂದಿನ ಸಭೆಯಾಗ ಹೇಳ್ತೀನಿ" ಎಂದರು. ಅತಿಥಿಗಳಲ್ಲಿ ಹಿರಿಯಾಕೆ ದುಭಾಷಿಯ ಮೂಲಕ, "ಉತ್ತರ ಕೇಳಲು ಮುಂದಿನ ಸಭೆಗೂ ಬರುತ್ತೇವೆ" ಎಂದರು.

ಅವರ ಕಾರು ಊರು ದಾಟುವಷ್ಟರಲ್ಲಿ ಹಲಗೆಯವನ ಕೆಲಸ ಹೋಯಿತು. ಗೌಡ್ರು ಹಲಗೆಯನ್ನೂ ಹರಿದು ಎಸೆದರು. "ಡಂಗುರ ಇಲ್ಲಂದ್ರ ಇನ್ನೆಲ್ಲಿ ಸಭೆ?" ಎಂದು ನಕ್ಕರು.

ಮೋಟಾರು ಗೌಡ್ರ ತೋಟದಲ್ಲೇ ಉಳಿಯಿತು. ಊರ ನಲ್ಲಿ ಒಣಗಿಯೇ ಇತ್ತು.

ಮುಂದಿನ ಸಭೆಯ ದಿನ ಬೆಳಿಗ್ಗೆ ಊರ ತುಂಬ ಢಣಢಣ ಸದ್ದು. ಗೌಡ್ರು ಓಡಿ ಬಂದು ನೋಡಿದರೆ, ಹಲಗೆಯವನು ಬೀದಿಯಲ್ಲಿ ನಿಂತು ಕೊಡ ಬಾರಿಸುತ್ತಿದ್ದ.

"ಇದನ್ನ ಯಾರು ಕೊಟ್ರೋ ನಿನಗ?"

"ನೀವ ಕೊಟ್ಟೀರಲ್ರೀ ಯಪ್ಪಾ! ಖಾಲಿ ಕೊಡ, ಮನಿಗೊಂದೈತಿ."