ಹುಣಸೆ ಮರ ಎಲೆ ಮಡಚಿದ ಸಂಜೆ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಸೂರ್ಯನಿಗೆ ತನ್ನ ದಾರಿ ಸರಿಯಾಗಿ ಬಾಯಿಪಾಠವಾಗಿರಲಿಲ್ಲ. ಗಾಳಿ, ಮರ, ಮನುಷ್ಯರು ಎದುರುಬದುರು ನಿಂತು ಮಾತಾಡುತ್ತಿದ್ದರು. ಆಗ ಹುಣಸೆ ಮರದ ಎಲೆಗಳು ಹಗಲೂ ಬಿಚ್ಚಿಕೊಂಡಿರುತ್ತಿದ್ದವು, ರಾತ್ರಿಯೂ ಬಿಚ್ಚಿಕೊಂಡಿರುತ್ತಿದ್ದವು.

ಅಂಥ ಒಂದು ಹುಣಸೆ ಮರದ ಕೆಳಗೆ ಕೆಂಚವ್ವ ಮಗ್ಗ ಹೂಡಿದ್ದಳು. ಲೋಕದ ಮೊದಲ ಕಂಬಳಿ ನೇಯ್ದವಳು ಅವಳೇ. ಯಾರೂ ಕಲಿಸಿರಲಿಲ್ಲ; ಜೇಡವನ್ನು ನೋಡಿ ನೋಡಿ ಕಲಿತಿದ್ದಳು. ಹುಣಸೆ ಬೀಜ ಅರೆದು, ಕುದಿಸಿ, ಆ ಗಂಜಿ ಬಳಿದರೆ ಜೋಲುವ ಉಣ್ಣೆ ನೂಲು ಬಿರುಸಾಗಿ ನಿಲ್ಲುತ್ತದೆ ಎಂದು ಕಂಡುಕೊಂಡವಳೂ ಅವಳೇ. “ಗಂಜಿಯ ಮಾತು ಕೇಳದ ನೂಲೇ ಇಲ್ಲ,” ಎನ್ನುತ್ತಿದ್ದಳು.

ಆ ವರ್ಷ ಮಗಳು ಬಸುರಿ. ಮೊದಲ ಮಳೆಗೆ ಸರಿಯಾಗಿ ಕೂಸು ಬರುವುದಿತ್ತು. ಅಷ್ಟರೊಳಗೆ ಕೂಸಿಗೆ ಕಂಬಳಿ ಆಗಬೇಕು. ಕೆಂಚವ್ವ ಮರದ ಬುಡದಲ್ಲಿ ಬೆಂಕಿ ಹಾಕಿಕೊಂಡು, ಹೊತ್ತು ಮುಳುಗಿದ ಮೇಲೂ ನೇಯತೊಡಗಿದಳು. ನಡುರಾತ್ರಿ ಮಗ್ಗದಿಂದ ಎದ್ದು, ಖಾರದ ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದು ಮಲಗುವಳು.

ನಿದ್ದೆ ಬರಲಿಲ್ಲ. ಎಡಕ್ಕೆ ಹೊರಳಿದಳು, ಬರಲಿಲ್ಲ. ಬಲಕ್ಕೆ ಹೊರಳಿದಳು, ಬರಲಿಲ್ಲ. ಒಂದಲ್ಲ, ಎಂಟು ರಾತ್ರಿ. ಬೆಳಗಾದರೆ ಎಳೆ ತಪ್ಪುತ್ತಿತ್ತು. ನಿನ್ನೆ ತಪ್ಪಾಗಿ ನೇಯ್ದದ್ದನ್ನು ಇವತ್ತು ಬಿಚ್ಚುವುದೇ ಕೆಲಸವಾಯಿತು.

“ಕತ್ತಲಾದ ಮೇಲೆ ನಿದ್ದೆ ಗುಡ್ಡ ಇಳಿದು ಬರ್ತಾಳೆ, ಕೆಂಚವ್ವ. ನಾನೇ ಜೊತೆಗಿರ್ತೀನಿ,” ಅಂದಿತು ಗಾಳಿ. “ನಿನ್ನ ಬೆಂಕಿ ಕಂಡಿದ್ದೇ ತಿರುಗಿ ಹೋಗಿಬಿಡ್ತಾಳೆ.”

“ಬೆಂಕಿಗೆ ಹೆದರೋಳನ್ನ ಕಾಯ್ತಾ ಕೂರೋಕೆ ನನಗೆ ಬಿಡುವಿಲ್ಲ. ನಾನೇ ಹಿಡಿದು ತರ್ತೀನಿ!”

ಹಿಡಿದದ್ದು ಹೇಗೆ ಗೊತ್ತೇ? ಒಂಬತ್ತನೆಯ ರಾತ್ರಿ ಕಣ್ಣು ಮುಚ್ಚಿಕೊಂಡು, ಎರಡೂ ರೆಪ್ಪೆಗಳ ಮೇಲೆ ದಪ್ಪಗೆ ಗಂಜಿ ಬಳಿದುಕೊಂಡಳು!

ಕಣ್ಣು ಅಂಟಿತು, ನಿದ್ದೆ ಬರಲಿಲ್ಲ. ಕೋಳಿ ಕೂಗಿತು. ಕಣ್ಣು ಬಿಡಲು ಹೋದಳು. ಬಿಡಲಾಗಲಿಲ್ಲ!

“ಅಯ್ಯಯ್ಯೋ! ನನ್ನ ಕಣ್ಣು ಹೋದವು! ಏನ್ರೀ, ಬರ್ರೀ ಇಲ್ಲಿ!”

ಗಂಡ ಮೈಲಪ್ಪ ಓಡಿಬಂದ. ಬಿಸಿನೀರಲ್ಲಿ ಬಟ್ಟೆ ಅದ್ದಿ ಅದ್ದಿ ಒರೆಸಿದ. ರೆಪ್ಪೆ ಬಿಟ್ಟುಕೊಂಡ ಮೇಲೆಯೇ ಅವನಿಗೆ ಬೈಯಲು ಉಸಿರು ಬಂದದ್ದು.

“ನಿದ್ದೆ ಅಂದ್ರೆ ಉಣ್ಣೆ ನೂಲು ಅಂದ್ಕೊಂಡ್ಯಾ? ಗಂಜಿ ಹಚ್ಚಿ ನಿಲ್ಲಿಸ್ತಾಳಂತೆ, ಮಹಾ ನೇಯ್ಗೆಯವಳು!”

“ನಿನಗಾದರೂ ರೆಪ್ಪೆ ಇವೆ, ಕೆಂಚವ್ವ,” ಎಂದು ಮೇಲಿನಿಂದ ಬಳಲಿದ ದನಿ ಬಂತು. ಹುಣಸೆ ಮರ ಮಾತಾಡಿತ್ತು. “ನನಗೆ ಅದೂ ಇಲ್ಲ. ನಿನ್ನ ಬೆಂಕಿಯ ಬೆಳಕು ಒಂದೊಂದು ಎಲೆ ಮೇಲೂ ಬೀಳುತ್ತೆ. ಒಂಬತ್ತು ರಾತ್ರಿಯಿಂದ ನಾನೂ ಮಲಗಿಲ್ಲ. ನೆಲ ನೋಡು.”

ನೋಡಿದಳು. ಆ ವರ್ಷದ ಹೂವೆಲ್ಲ ಉದುರಿ ಬಿದ್ದಿತ್ತು. ಕೆಂಚವ್ವ ಉದುರಿದ ಹೂವನ್ನು ಬೊಗಸೆಯಲ್ಲಿ ಎತ್ತಿಕೊಂಡಳು. ಆದರೂ ಹಟ ಬಿಡುವ ಹೆಂಗಸಲ್ಲ.

“ಇನ್ನೊಂದು ಮೊಳ ಉಳಿದಿದೆ. ಇವತ್ತೊಂದು ರಾತ್ರಿ ತಡ್ಕೋ.”

“ನೀನು ಬೆಂಕಿ ಹಾಕ್ಕೋ. ನನ್ನ ದಾರಿ ನಾನು ನೋಡ್ಕೋತೀನಿ,” ಅಂದಿತು ಮರ.

ಹೊತ್ತು ಮುಳುಗಿತು. ಬೆಂಕಿ ಹೊತ್ತಿತು. ಕೆಂಚವ್ವ ಯಾಕೋ ತಲೆಯೆತ್ತಿದಳು.

ಒಂದು ಪುಟ್ಟ ಎಲೆ ಎದುರಿನ ಎಲೆಗೆ ಅಂಟಿ ಮಡಚಿಕೊಂಡಿತು. ಅದರ ಪಕ್ಕದ ಜೋಡಿ ಮಡಚಿಕೊಂಡಿತು. ಆ ಕೊಂಬೆ, ಈ ಕೊಂಬೆ, ನೋಡುನೋಡುತ್ತಲೇ ಇಡೀ ಮರ ಜೋತುಬಿದ್ದಿತು!

“ಸತ್ತೋಯ್ತು! ಅಯ್ಯೋ, ಮರ ಸತ್ತೋಯ್ತು! ನಾನೇ ಕೊಂದೆ!”

ಎರಡೂ ಕೈಯಲ್ಲಿ ಮಣ್ಣು ಬಾಚಿ ಬಾಚಿ ಬೆಂಕಿಯ ಮೇಲೆ ಸುರಿದಳು. ಕತ್ತಲಲ್ಲಿ ಮರವನ್ನು ತಬ್ಬಿದಳು.

“ಕಂಬಳಿ ಆಗದಿದ್ದರೆ ಹೋಗಲಿ. ಕೂಸನ್ನ ನನ್ನ ಸೆರಗಲ್ಲೇ ಸುತ್ಕೋತೀನಿ. ನೀನು ಏಳು, ನನ್ನವ್ವ, ಏಳು!”

ಕೆಂಚವ್ವ ಕಾಂಡಕ್ಕೆ ಕಿವಿಯಿಟ್ಟಳು. ಒಳಗೆ ಬೇರಿನಿಂದ ನೀರು ಏರುವ ಸದ್ದು, ಮೆಲ್ಲಗೆ, ಮೆಲ್ಲಗೆ, ಉಸಿರಾಡಿದಂತೆ.

ಸತ್ತಿಲ್ಲ. ಮಲಗಿದೆ!

ಮಗ್ಗ ಸುಮ್ಮನಿತ್ತು. ಬೆಳಕಿರಲಿಲ್ಲ. ಆ ಉಸಿರನ್ನೇ ಕೇಳುತ್ತ ಕೂತವಳಿಗೆ ನಿದ್ದೆಯ ನೆನಪೇ ಹೋಯಿತು. ಗಾಳಿ ಗುಡ್ಡದಿಂದ ಯಾರನ್ನೋ ಕರೆದುಕೊಂಡು ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಬಿದ್ದಿತ್ತು, ಮರದ ತುಂಬ ಎಲೆ ಬಿಚ್ಚಿಕೊಂಡಿತ್ತು.

ಅಂದಿನಿಂದ ಕೆಂಚವ್ವ ಹೊತ್ತು ಮುಳುಗುವ ಮೊದಲೇ ಮಗ್ಗ ಬಿಟ್ಟೇಳುವಳು. ಬೆಳಕಿರುವಾಗಲೇ ಅಂಬಲಿ ಕುಡಿದು, ಬೆಚ್ಚನೆ ನೀರಲ್ಲಿ ಕಾಲು ತೊಳೆದು, ಕತ್ತಲಲ್ಲಿ ಸುಮ್ಮನೆ ಕೂರುವಳು. ಎಳೆ ತಪ್ಪುವುದು ನಿಂತಿತು. ಮೊದಲ ಮಳೆಯ ದಿನ ಕೂಸು ಬಂದಾಗ ಕಂಬಳಿ ಮಡಚಿ ಸಿದ್ಧವಾಗಿತ್ತು.

“ಬೆಂಕಿ ಹಾಕೋದು ಬಿಟ್ಟಿದೀನಲ್ಲ. ಇನ್ನಾದರೂ ಎಲೆ ಬಿಚ್ಕೊಂಡೇ ಮಲಗು,” ಎಂದಳು ಮರಕ್ಕೆ.

“ನೀನು ಬಿಟ್ಟೆ ತಾಯಿ,” ಅಂದಿತು ಹುಣಸೆ. “ನಿನ್ನ ಮೊಮ್ಮಕ್ಕಳು ಬಿಡ್ತಾರೆ ಅನ್ನೋ ನಂಬಿಕೆ ನನಗಿಲ್ಲ.”

ಅದಕ್ಕೇ ಕಂದ, ಇವತ್ತಿಗೂ ಸಂಜೆಯಾದ ಮೇಲೆ ಬೀದಿದೀಪದ ಪಕ್ಕದ ಹುಣಸೆ ಮರವನ್ನು ನೋಡು: ಅದು ಜೋಡಿ ಜೋಡಿ ಎಲೆ ಮಡಚಿ ಮಲಗಿರುತ್ತದೆ, ದೀಪ ಉರಿಸಿಕೊಂಡು ಹೊರಳಾಡುತ್ತಿರುವವರು ನಾವು ಮಾತ್ರ.