ದೇವ್ರ ಜೊತೆ ಜಗಳಕ್ಕೆ ಬಿದ್ದ ಸಗಾಯಮ್ಮ

ಒಂದಾನೊಂದು ಕಾಲದಲ್ಲಿ, ಕಂದ, ಕೋಪಾನ ಸೆರಗಿನ ತುದೀಲೇ ಗಂಟು ಹಾಕ್ಕೊಂಡು ತಿರುಗೋ ಸಗಾಯಮ್ಮ ಅಂತ ಒಬ್ಳಿದ್ಲಂತೆ. ಊರು ರೇಷ್ಮೆ ಊರು, ಎಲ್ರ ಮನೇಲೂ ಹುಳ, ಎಲ್ರ ಕೊರಳಲ್ಲೂ ಶಿಲುಬೆ. ಅವಳಿಗೆ ಕೋಪ ಯಾರ ಮೇಲೆ ಅಂತೀಯ? ಅತ್ತೆ ಮೇಲಲ್ಲ, ಓರಗಿತ್ತಿ ಮೇಲಲ್ಲ, ಸಾಕ್ಷಾತ್ ದೇವ್ರ ಮೇಲೆ!

ಯಾಕೆ ಅಂದ್ರೆ, ಮೊದಲ್ನೇ ವರ್ಷ ಗಂಡ ಅರುಳಪ್ಪ ಹಾವು ಕಚ್ಚಿ ಹೋಗ್ಬಿಟ್ನಂತೆ, ಆಮೇಲೆ ಎರಡ್ನೇ ವರ್ಷ ಆಲಿಕಲ್ಲು ಬಿದ್ದು ಹಿಪ್ಪುನೇರಳೆ ತೋಟವೆಲ್ಲ ಪೊರಕೆ ಕಡ್ಡಿ ಆಯ್ತಂತೆ, ಆಮೇಲೆ ಮೂರ್ನೇ ವರ್ಷ ಊಜಿ ನೊಣ ಬಂದು ಹುಳಾನೆಲ್ಲ ಮುಗಿಸಿ ಹಾಕ್ತಂತೆ. ಒಲೆ ಉರಿಯೋದು ನಿಂತಾಗ ಸಗಾಯಮ್ಮ, ಜಪಮಾಲೆ ಅಂತ ಹೆಸರಿದ್ದ ತನ್ನ ಪುಟ್ಟ ಮಗಳನ್ನ ಎತ್ಕೊಂಡು ಹೋಗಿ ತನ್ನ ಅಣ್ಣನ ಮನೇಲಿ ಬಿಟ್ಟು ಬಂದ್ಲು. ಮಗು ಬಾಗ್ಲು ಹಿಡ್ಕೊಂಡು ಅಮ್ಮಾ ಅಮ್ಮಾ ಅಂತ ಕೂಗ್ತಾನೇ ಇತ್ತು, ಇವಳು ತಿರುಗಿ ನೋಡ್ಲಿಲ್ಲ. ನೋಡಿದ್ರೆ ಕಾಲು ಬರ್ತಿರ್ಲಿಲ್ಲ. ಅಣ್ಣ ಹೇಳಿದ್ನಂತೆ, ಒಂದು ಬೆಳೆ ಕೈಗೆ ಹತ್ತಲಿ, ಬಂದು ಕರ್ಕೊಂಡ್ ಹೋಗು, ಅಲ್ಲೀಗಂಟ ಇಲ್ಲೇ ಇರ್ಲಿ ಅಂತ.

ಆಮೇಲೆ ಚರ್ಚಿನ ಸ್ವಾಮಿಯೋರು ಮನೆಗೆ ಬಂದ್ರಂತೆ. ದೇವ್ರು ಯಾರನ್ನ ಪ್ರೀತಿಸ್ತಾನೋ ಅವರನ್ನೇ ದಂಡಿಸೋದಮ್ಮ, ತಾಳ್ಕೋ ಅಂದ್ರಂತೆ. ಇವಳು ಸುಮ್ನಿರ್ತಾಳಾ? ಹಂಗಾ ಸ್ವಾಮಿ, ಹಂಗಾದ್ರೆ ಆ ಪ್ರೀತೀಲಿ ಒಂಚೂರು ಎದುರುಮನೆ ಇನ್ನಾಸಪ್ಪಂಗೂ ಹಂಚೋಕೆ ಹೇಳಿ, ಮೂರು ವರ್ಷದಿಂದ ಅವನಿಗೊಂದು ಸೀನೂ ಬಂದಿಲ್ಲ, ಪಾಪ, ದೇವ್ರಿಗೆ ಅವನ್ನ ಕಂಡ್ರೆ ಆಗಲ್ವೇನೋ ಅಂದ್ಲಂತೆ. ಸ್ವಾಮಿಯೋರು ಕೊಡೆ ಮರ್ತು ಎದ್ದು ಹೋದ್ರಂತೆ.

ಆಮೇಲೆ ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂತು. ಊರೆಲ್ಲ ಉಪವಾಸ ಹಿಡೀತು, ಇವಳಿಗೆ ಮೂರು ವರ್ಷದಿಂದ ಅದೇ ಅಲ್ವಾ? ಅತ್ತೆ ಚೌರಮ್ಮ ಯಾರ್ ಯಾರನ್ನೋ ಕಾಡಿ ಬೇಡಿ ಒಂದು ಬೆಳೆಗಾಗೋಷ್ಟು ಹುಳದ ಮೊಟ್ಟೆ ತಂದ್ಲು. ಇದೂ ಕೈಕೊಟ್ರೆ ಜಪಮಾಲೆ ಮಾವನ ಮನೇಲಿ ಮುಸುರೆ ತಿಕ್ಕೊಂಡೇ ದೊಡ್ಡೋಳಾಗ್ಬೇಕು. ಆಗ ಸಗಾಯಮ್ಮ ಏನ್ ಮಾಡಿದ್ಲು ಗೊತ್ತಾ? ಗೋಡೆ ಮೇಲಿದ್ದ ಯೇಸುಸ್ವಾಮಿ ಪಟಾನ ಕಿತ್ಕೊಂಡು ಹೋಗಿ ಹುಳದ ಮನೇಲಿ ನೇತು ಹಾಕಿ, ಮಕ್ಳನ್ನ ಹೆಂಗೆ ಸಾಕೋದು ಅಂತ ನನ್ನ ನೋಡಿ ಕಲ್ತ್ಕೋ ಅಂದ್ಲಂತೆ.

ಹುಳಕ್ಕೆ ಜ್ವರ ಅಂತ ಬರುತ್ತೆ ಕಂದ. ಕಾಯಿಲೆ ಅಲ್ಲ, ಹಳೇ ಚರ್ಮ ಕಳಚಿ ಹೊಸದು ಹಾಕ್ಕೊಳೋ ಹೊತ್ತು. ಆಗ ತಲೆ ಮೇಲೆತ್ಕೊಂಡು ಕಲ್ಲಿನ ಹಂಗೆ ಕೂತ್ಬಿಡ್ತವೆ, ಸೊಪ್ಪು ಹಾಕೋ ಹಂಗಿಲ್ಲ, ಮುಟ್ಟೋ ಹಂಗಿಲ್ಲ. ಮೊದಲ್ನೇ ಜ್ವರ ಅತ್ತೆ ಕಾವಲಲ್ಲೇ ದಾಟ್ತು. ಎರಡ್ನೇದು ಬಂದಾಗ ಅತ್ತೆ ಚರ್ಚಿಗೆ ಪೂಜೆಗೆ ಹೋಗಿದ್ಲು. ಹುಳದ ತಟ್ಟೆ ತುಂಬ ಎತ್ತಿದ ತಲೆಗಳು, ಬಾಯಿಲ್ದೆ ಅನ್ನ ಕೇಳ್ದಂಗೆ. ಸಗಾಯಮ್ಮ ಸೊಪ್ಪಿನ ಬುಟ್ಟಿ ಎಳ್ಕೊಂಡ್ಲು. ಮಕ್ಳು ಹಸ್ಕೊಂಡ್ ಕೂತಿದ್ರೆ ನೋಡ್ತಾ ನಿಂತ್ಕೊಳೋಕೆ ನಾನೇನು ನಿನ್ ಥರಾನಾ ಅಂತ ಪಟಕ್ಕೆ ಬೈದು, ಬುಟ್ಟಿಗಟ್ಲೆ ಸೊಪ್ಪು ಸುರಿದ್ಲು.

ಆಮೇಲೇನು, ಸೊಪ್ಪಿನ ಅಡೀಲಿ ಸಿಕ್ಕ ಹುಳ ಚರ್ಮ ಬಿಡೋಕಾಗ್ದೆ ಬೆಂದು ಕೊಳೆತು ಅರ್ಧಕ್ಕರ್ಧ ಸತ್ವಂತೆ. ಅತ್ತೆ ಬಂದು ಬಾಯ್ ಬಾಯ್ ಬಡ್ಕೊಂಡ್ಲು. ಲೇ ಪಾಪಿ, ಉಪವಾಸ ಇದ್ದು ಬದುಕೋ ಹುಳಾನ ಉಣ್ಣಿಸಿ ಕೊಂದ್ಯಲ್ಲೇ, ಗೊತ್ತಿರ್ಲಿಲ್ವೇನೇ ನಿಂಗೆ? ಸಗಾಯಮ್ಮ, ಗೊತ್ತಿತ್ತು ಅತ್ತೆ, ನೋಡೋಕಾಗ್ಲಿಲ್ಲ ಅಂದ್ಲಂತೆ.

ಹೂಂ ಅನ್ನು, ನಿದ್ದೆ ಬಂತಾ? ಮೂರ್ನೇ ಜ್ವರ ಬಂತು. ಸಗಾಯಮ್ಮ ಎರಡೂ ಕೈ ತೊಡೆ ಕೆಳಗೆ ಹಾಕ್ಕೊಂಡು ತಟ್ಟೆ ಮುಂದೆ ಕೂತ್ಲು. ಹಲ್ಲಿ ಬಂದ್ರೆ ಓಡಿಸೋಕೆ ಮಾತ್ರ ಎದ್ಲು. ಸೊಪ್ಪಿನ ಬುಟ್ಟಿ ಪಕ್ಕದಲ್ಲೇ ಇದೆ, ಅಳ್ತಾಳೆ, ಹಾಕಲ್ಲ. ಈ ಹುಳಕ್ಕೆ ಮಾತು ಬಂದಿದ್ರೆ ಈಗ ನನ್ನ ಹೆಂಗೆ ಉಗೀತಿದ್ವೋ ಅನ್ನಿಸ್ತು. ಇಲ್ಲೇ ಇದೀನಿ ಕಣ್ರೋ ಅಂದ್ಲು. ಅಂದೋಳು ಸರ್ರಂತ ಪಟದ ಕಡೆ ತಿರುಗಿದ್ಲು, ಕೋಪ ಇನ್ನೂ ನೆತ್ತಿಗೇರ್ತು. ಏನಯ್ಯಾ, ಮೂರು ವರ್ಷ ನೀನೂ ಹಿಂಗೇ ಕೂತಿದ್ಯಾ ನನ್ನೆದುರಿಗೆ? ಕೂತಿದ್ರೆ ಒಂದ್ ಮಾತು ಹೇಳೋಕೆ ನಿಂಗೇನು ದಾಡಿ? ಅರುಳಪ್ಪನ ವಿಷ್ಯ ನಾನು ಬಿಡಲ್ಲ, ಸತ್ಮೇಲೆ ಬಂದು ಎದುರಿಗೇ ನಿಂತು ಕೇಳ್ತೀನಿ. ಅಲ್ಲೀಗಂಟ ಇಲ್ಲೇ ಕೂತಿರು, ಎದ್ದು ಹೋದ್ರೆ ನೋಡು!

ದೇವ್ರು ತುಟಿ ಬಿಚ್ಲಿಲ್ಲ. ಆದ್ರೆ ಚಿಕ್ಕಂದಿನಿಂದ ತೂಕಡಿಸ್ತಾ ಜಪಸರ ಎಣಿಸಿದ್ದ ಸಗಾಯಮ್ಮ, ಎದುರಿಗೆ ಒಬ್ರು ಕೂತಿದಾರೆ ಅನ್ನೋ ಹಂಗೆ ಮಾತಾಡಿದ್ದು ಆವತ್ತೇ ಮೊದಲಂತೆ. ಆಮೇಲಿಂದ ದಿನಾ ಬೈದ್ಲಂತೆ, ಒಂದಿನಾನೂ ತಪ್ಪಿಸ್ಲಿಲ್ವಂತೆ.

ಆಮೇಲೆ ಹುಳ ಹೊಸ ಚರ್ಮದಲ್ಲಿ ಎದ್ವು, ಮಳೆ ಸುರಿದಂಗೆ ಸದ್ದು ಮಾಡ್ಕೊಂಡು ಸೊಪ್ಪು ತಿಂದ್ವು, ಕೊನೇ ಜ್ವರಾನೂ ದಾಟಿ, ಮೈ ಹಣ್ಣಾಗಿ ರೇಷ್ಮೆ ಗೂಡು ಕಟ್ಟಿದ್ವು. ಅರ್ಧ ಬೆಳೆಯೇ, ಆದ್ರೂ ಗೂಡು ಮಾರಿದ ದುಡ್ಡಲ್ಲಿ ರಾಗಿ ಮೂಟೆ ಮನೆಗೆ ಬಂತು. ಯೇಸುಸ್ವಾಮಿ ಸತ್ತು ಮತ್ತೆ ಎದ್ದ ಪಾಸ್ಕ ಹಬ್ಬದ ಹಿಂದಿನ ದಿನ ಸಗಾಯಮ್ಮ ಅಣ್ಣನ ಮನೆಗೆ ಓಡಿಹೋಗಿ ಮಗಳನ್ನ ಕರ್ಕೊಂಡ್ ಬಂದ್ಲು.

ಜಪಮಾಲೆ ದಾರಿಯುದ್ದಕ್ಕೂ ಅಮ್ಮನ ಕೈ ಹಿಡೀದೆ ನಾಲ್ಕು ಹೆಜ್ಜೆ ಹಿಂದೇನೇ ನಡೀತು. ಮನೆ ಒಳಗೆ ಕಾಲಿಟ್ಟದ್ದೇ ತಡ, ಅಮ್ಮನ ಹೊಟ್ಟೆಗೆ ಗುದ್ದೋಕೆ ಶುರು ಮಾಡ್ತಂತೆ. ನೀನು ಕೆಟ್ಟೋಳು, ನಾನು ಅಷ್ಟು ಕೂಗಿದ್ರೂ ನೀನು ತಿರುಗೇ ನೋಡ್ಲಿಲ್ಲ, ನೀನ್ ನಮ್ಮಮ್ಮನೇ ಅಲ್ಲ, ಥೂ ಅಂತು. ಅಜ್ಜಿ ಚೌರಮ್ಮ ಸೌಟು ಎತ್ಕೊಂಡ್ ಬಂದು, ಏ ಬಜಾರಿ, ಹೆತ್ತೋಳಿಗೆ ಹಿಂಗಂತಾರೇನೇ ಅಂದ್ರೆ, ಸಗಾಯಮ್ಮ ಅಡ್ಡ ನಿಂತ್ಲಂತೆ. ಬಿಡಿ ಅತ್ತೆ, ಬೈಲಿ. ಬೇರೆಯೋರನ್ನ ಹಿಂಗೆ ಬೈತಾಳಾ? ಅಮ್ಮ ಅನ್ಕೊಂಡಿದ್ದಕ್ಕೇ ಅಲ್ವಾ ಬೈತಿರೋದು?

ಮಗು ಬೈದು ಬೈದು, ಮಧ್ಯೆ ಎರಡು ಮುದ್ದೆ ನುಂಗಿ, ಮತ್ತೆ ಬೈದು, ಗುದ್ದೋ ಕೈ ಹಂಗೇ ಸಡಿಲವಾಗಿ ಅಮ್ಮನ ತೊಡೆ ಮೇಲೇ ನಿದ್ದೆ ಹೋಯ್ತಂತೆ. ಹುಳ ಗೂಡು ಸೇರ್ತು, ಮಗು ಮಡಿಲು ಸೇರ್ತು, ಕತೆ ಮುಗೀತು. ನೀನೂ ಕಣ್ಮುಚ್ಚು, ಇಲ್ಲೇ ಇದೀನಿ.